ಹಸಿವು ಹೋದ ಆಟಿ ತಿಂಗಳು

ಬೆಳ್ಳಾರೆಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ವೆಂಕಪ್ಪನ ಹೋಟೆಲು. ಹೆಸರಿಗೆ ವೆಂಕಪ್ಪನದ್ದಾದರೂ ಜನ ಬರುತ್ತಿದ್ದದ್ದು ಅವನ ಹೆಂಡತಿ ದುಗ್ಗಮ್ಮ ಕರಿಯುವ ಗೋಳಿಬಜೆಗೆ. ಬೆಳಿಗ್ಗೆ ಪುತ್ತೂರಿಗೆ ಹೋಗುವ ಮೊದಲ ಬಸ್ಸಿನ ಹೊತ್ತಿಗೆ ಒಲೆಯ ಮುಂದೆ ನಿಂತಳೆಂದರೆ ಸಂಜೆ ಸುಳ್ಯದ ಬಸ್ಸು ಹೋಗುವವರೆಗೆ ಅವಳು ಕೂರುತ್ತಿರಲಿಲ್ಲ. ಎಲೆ ಹಾಕಿಕೊಂಡು ಕೂತು ಉಣ್ಣುವ ಅಭ್ಯಾಸವೇ ಅವಳಿಗೆ ತಪ್ಪಿಹೋಗಿತ್ತು. ಆದರೆ ಎಡಗೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಬಾಣಲೆಯಿಂದ ಬಜೆ ತೆಗೆದಾಗ ಒಂದು, ಕಡಲೆಬೇಳೆಯ ಚಟ್ಟಂಬಡೆ ಹದವಾಗಿದೆಯೇ ನೋಡಲು ಒಂದು, ಬನ್ಸ್ ಉಬ್ಬಿದ ಖುಷಿಗೆ ಒಂದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವಲಕ್ಕಿ, ಅದಕ್ಕೆ ಎರಡು ಚಮಚ ಬೆಲ್ಲ. ತಾನು ತಿನ್ನುತ್ತಿದ್ದೇನೆಂಬುದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಉಸಿರಾಡಿದಷ್ಟೇ ಸಹಜವಾಗಿ ನಡೆಯುತ್ತಿತ್ತು ಅದು.

ನಲವತ್ತನಾಲ್ಕನೆಯ ವಯಸ್ಸಿಗೆ ಮೊಣಕಾಲು ಮಡಚಲಾರದಾಯಿತು. ಬಾವಿಯಿಂದ ಎರಡು ಕೊಡ ನೀರು ತಂದರೆ ಏದುಸಿರು. ಅರುವತ್ತನಾಲ್ಕನೆಯ ಇಸವಿಯ ಜೂನಿನಲ್ಲಿ ಒಂದು ದಿನ ಒಲೆಯ ಮುಂದೆಯೇ ಕಣ್ಣು ಕತ್ತಲೆ ಬಂದು ಕುಸಿದಳು. ವೆಂಕಪ್ಪ ಮಾರನೆಯ ದಿನವೇ ಹೋಟೆಲಿಗೆ ಬೀಗ ಹಾಕಿ ಅವಳನ್ನು ಪುತ್ತೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ತೂಕದ ಯಂತ್ರದ ಮುಳ್ಳು ಇನ್ನೂರ ಹನ್ನೆರಡು ಪೌಂಡಿನಲ್ಲಿ ನಿಂತಿತು.

“ದಿನಕ್ಕೆ ಎಷ್ಟು ಸಲ ಊಟ?” ಡಾಕ್ಟರು ಕೇಳಿದರು.

“ಒಂದೇ ಸಲ ಡಾಕ್ಟ್ರೆ.”

“ತಿಂಡಿ ಎಷ್ಟು ಸಲ ಅಂತ ಕೇಳಿ,” ಎಂದ ವೆಂಕಪ್ಪ.

ಡಾಕ್ಟರು ನಕ್ಕು, ಕಪಾಟಿನಿಂದ ಕಂದು ಬಣ್ಣದ ಸಣ್ಣ ಕುಪ್ಪಿಯೊಂದನ್ನು ತೆಗೆದರು. ಒಳಗೆ ತೊಗರಿಬೇಳೆಗಿಂತ ಚೂರು ದೊಡ್ಡ, ತೆಳು ಹಳದಿಯ ಗುಳಿಗೆಗಳು. “ಹೊಸ ಮದ್ದು. ಮಂಗಳೂರಿನಿಂದ ತರಿಸಿದ್ದು. ಬೆಳಿಗ್ಗೆ ಒಂದು ತಗೊಳ್ಳಿ, ಹಸಿವು ಕಮ್ಮಿ ಆಗ್ತದೆ. ಆದ್ರೆ ಎರಡು ಹೊತ್ತು ಕೂತು ಸ್ವಲ್ಪ ಸ್ವಲ್ಪ ಊಟ ಮಾಡ್ಲೇಬೇಕು. ಒಂದು ತಿಂಗಳು ಬಿಟ್ಟು ಬನ್ನಿ.”

“ಹಸಿವಿಗೂ ಮದ್ದು ಉಂಟಾ ಡಾಕ್ಟ್ರೆ?” ದುಗ್ಗಮ್ಮ ಬೆರಗಾಗಿ ಕೇಳಿದಳು. “ಅನ್ನ ಅಲ್ಲದೆ?”

ಮಾರನೆಯ ಬೆಳಿಗ್ಗೆ ಒಂದು ಗುಳಿಗೆ ನುಂಗಿ ಒಲೆ ಹಚ್ಚಿದಳು. ಮೊದಲ ಬಸ್ಸು ಹೋಯಿತು, ಎರಡನೆಯದೂ ಹೋಯಿತು. ಬಾಯಿ ಒಣಗಿದ ಹಾಗೆ, ಎದೆ ಸ್ವಲ್ಪ ಬೇಗ ಬಡಿದುಕೊಂಡ ಹಾಗೆ ಅನಿಸಿತಷ್ಟೆ. ಮೈ ಹಗುರಾಗಿ, ಬೋಗುಣಿಗಳನ್ನೆಲ್ಲ ತಿಕ್ಕಿ ಫಳಫಳ ಮಾಡಿದಳು. ಹತ್ತು ಗಂಟೆಯ ಹೊತ್ತಿಗೆ ಬಾಣಲೆಯಿಂದ ಬಜೆ ತೆಗೆದು ಬುಟ್ಟಿಗೆ ಸುರಿಯುತ್ತಿರುವಾಗ ಥಟ್ಟನೆ ಅವಳಿಗೆ ಹೊಳೆಯಿತು: ಬೆಳಗಿನಿಂದ ಎಡಗೈ ಬಾಯಿಗೆ ಹೋಗಿಲ್ಲ.

ಒಂದು ಬಜೆಯನ್ನು ಕೈಯಲ್ಲಿ ಹಿಡಿದು ನೋಡಿದಳು. ಎಷ್ಟು ಸಾವಿರ ಕರಿದಿದ್ದಳೋ, ಒಂದನ್ನೂ ಹೀಗೆ ನೋಡಿರಲಿಲ್ಲ. ಹೊಂಬಣ್ಣದ ಸಿಪ್ಪೆಯ ಮೇಲೆ ಅಲ್ಲಲ್ಲಿ ಕಂದು ಚುಕ್ಕೆ. ಮುರಿದರೆ ಒಳಗೆ ಬೆಳ್ಳಗೆ ಜೇನುಗೂಡಿನಂಥ ತೂತುಗಳು, ಅವುಗಳಿಂದ ಏಳುವ ಹಬೆ, ಹಬೆಯಲ್ಲಿ ಶುಂಠಿಯ ವಾಸನೆ. ಚೆಂದದ ವಸ್ತು. ಆದರೆ ತಿನ್ನಬೇಕೆಂದು ಅವಳ ಮೈಯ ಯಾವ ಮೂಲೆಯೂ ಹೇಳಲಿಲ್ಲ. ದಾರಿಬದಿಯ ಕಲ್ಲನ್ನು ನೋಡಿದಾಗ ತಿನ್ನಬೇಕೆನಿಸುತ್ತದೆಯೆ, ಹಾಗೆ.

“ಇವ್ರೆ, ಇಲ್ಲಿ ಬನ್ನಿ!” ಎಂದು ಕೂಗಿದಳು. ವೆಂಕಪ್ಪ ಗಾಬರಿಯಿಂದ ಓಡಿ ಬಂದ.

“ಎಂತ ಆಯ್ತು?”

“ಹಸಿವೇ ಇಲ್ಲ! ಹುಡುಕಿದ್ರೂ ಸಿಗುದಿಲ್ಲ!”

ವೆಂಕಪ್ಪ ಬಜೆಯನ್ನೂ ಅವಳ ಮುಖವನ್ನೂ ನೋಡಿದ. “ಅದೆಲ್ಲ ಇರ್ಲಿ ಮಾರಾಯ್ತಿ, ಉಪ್ಪು ಸರಿ ಉಂಟಾ ಅಂತ ಈಗ ಯಾರು ನೋಡುದು?”

ಉಪ್ಪು ಸರಿಯಾಗಿಯೇ ಇತ್ತು. ನಾಲಿಗೆಗೆ ತಿಳಿಸದೆಯೇ ಕೈ ಎಲ್ಲವನ್ನೂ ಕಲಿತಿತ್ತು.

ಗುಳಿಗೆಯ ಸುದ್ದಿ ವಾರದೊಳಗೆ ಪೇಟೆಗೆಲ್ಲ ಹಬ್ಬಿತು. ಬಸ್ಸಿನ ಏಜೆಂಟ್ ಪೋಕರ್ ಕುಪ್ಪಿಯನ್ನು ಬೆಳಕಿಗೆ ಹಿಡಿದು ನೋಡಿ, “ಇಷ್ಟು ಸಣ್ಣದು ಅಷ್ಟು ದೊಡ್ಡ ಹೊಟ್ಟೆಯನ್ನು ಸುಮ್ಮನಿರಿಸ್ತದಾ ಅಕ್ಕ?” ಎಂದು ಬಾಯಿ ತೆರೆದು ನಿಂತ. ದುಗ್ಗಮ್ಮನಿಗೆ ಸಿಟ್ಟು ಬರಲಿಲ್ಲ. ಅವಳಿಗೂ ಅದೇ ಆಶ್ಚರ್ಯ.

ಡಾಕ್ಟರು ಹೇಳಿದಂತೆ ಎರಡು ಹೊತ್ತು ಏನಾದರೂ ತಿನ್ನಲೇಬೇಕಿತ್ತು. ಆರೇಳು ತುತ್ತಿಗಿಂತ ಹೆಚ್ಚು ಇಳಿಯುತ್ತಿರಲಿಲ್ಲ. ಆ ಆರೇಳು ತುತ್ತು ಯಾವುದಿರಬೇಕು? ಮೊದಲೆಲ್ಲ ಕೈಗೆ ಸಿಕ್ಕಿದ್ದೇ ಬಾಯಿಗೆ. ಈಗ ಗಾಜಿನ ಕಪಾಟಿನ ಮುಂದೆ ನಿಂತು, ಬೇರೆ ಯಾರದೋ ಮದುವೆಗೆ ಸೀರೆ ಆರಿಸುವವಳ ಹಾಗೆ ಯೋಚಿಸುತ್ತಿದ್ದಳು. ಬನ್ಸ್ ಬೇಡ. ಬಜೆ ಬೇಡ. ಕೊನೆಗೆ ಅವಳಿಗೆ ಬೇಕೆನಿಸಿದ್ದು ತಾಯಿಯ ಮನೆಯಲ್ಲಿ ತಿನ್ನುತ್ತಿದ್ದ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ. ಅದನ್ನೂ ಆಸೆಯಿಂದ ತಿನ್ನಲಿಲ್ಲ. ಈ ರುಚಿ ಒಂದು ಕಾಲದಲ್ಲಿ ಇಷ್ಟವಾಗಿತ್ತು ಎಂಬ ನೆನಪಿನಿಂದ ತಿಂದಳು.

ತಾನು ತಿನ್ನುವುದು ನಿಂತ ಮೇಲೆ ಅವಳಿಗೆ ಬೇರೆಯವರು ತಿನ್ನುವುದು ಕಾಣತೊಡಗಿತು. ಹದಿನೆಂಟು ವರ್ಷ ಹೋಟೆಲು ನಡೆಸಿಯೂ ಗಿರಾಕಿಗಳಿಗೆ ಬೆನ್ನು ಹಾಕಿ ಒಲೆಯ ಕಡೆಗೇ ನಿಂತಿದ್ದಳಲ್ಲ. ಈಗ ಕೈ ಬಿಡುವಾದಾಗಲೆಲ್ಲ ಅಡಿಗೆ ಕೋಣೆಯ ಬಾಗಿಲಿಗೆ ಒರಗಿ ನೋಡುವಳು. ಒಂದು ದಿನ ಸುಬ್ರಹ್ಮಣ್ಯಕ್ಕೆ ಹೋಗಿ ಬಂದ ಮುದುಕಿಯೊಬ್ಬಳು ಬೆಂಚಿನಲ್ಲಿ ಕೂತು ಬಿಸಿ ಚಹಾದಲ್ಲಿ ಬನ್ಸ್ ಅದ್ದಿ ಬಾಯಿಗಿಟ್ಟಳು. ಮುದುಕಿಯ ಕಣ್ಣು ತಾನಾಗಿ ಮುಚ್ಚಿತು. ಭುಜ ಇಳಿಯಿತು. ಹಣೆಯ ಸುಕ್ಕುಗಳು ಒಂದೊಂದಾಗಿ ಸಡಿಲಗೊಂಡವು. ದುಗ್ಗಮ್ಮ ಉಸಿರು ಹಿಡಿದು ನೋಡಿದಳು. ತನ್ನ ಕೈಯಲ್ಲಿ ಆದದ್ದು ಒಬ್ಬರ ಒಳಗೆ ಹೋಗಿ ಇಷ್ಟೆಲ್ಲ ಮಾಡುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ಆಟಿ ತಿಂಗಳು ಬಂತು. ಕೂಲಿ ಕೆಲಸ ನಿಲ್ಲುವ, ಬಡವರ ಮನೆಯಲ್ಲಿ ಅಕ್ಕಿ ಮುಗಿಯುವ ತಿಂಗಳು. ಆ ವರ್ಷ ಎಲ್ಲೆಡೆ ಅಕ್ಕಿಗೆ ಬರ. ರೇಶನ್ ಅಕ್ಕಿ ಕೊಡುವ ಸೊಸೈಟಿಯ ಮುಂದೆ ನಿಂತವರು ಬರಿ ಚೀಲ ಹಿಡಿದು ವಾಪಸು ಬರುತ್ತಿದ್ದರು. ಹೋಟೆಲಿಗೆ ಬರುವವರೂ ಕಡಿಮೆಯಾದರು. ಹೋಟೆಲಿಗೆ ಸೌದೆ ಒಡೆದು ಕೊಡುತ್ತಿದ್ದ ಚನಿಯಪ್ಪ ಮಾತ್ರ ದಿನಾ ಬಂದು, ಕೆಲಸ ಉಂಟೇ ಎಂದು ಕೇಳಿ, ಒಂದು ಚಹಾ ಕುಡಿದು ಹೋಗುತ್ತಿದ್ದ. ಹೆಂಡತಿ ಸತ್ತು ಎರಡು ವರ್ಷವಾಗಿತ್ತು, ಇಬ್ಬರು ಹೆಣ್ಣುಮಕ್ಕಳು. ಅವನು ಗಾಜಿನ ಕಪಾಟಿನ ಕಡೆಗೆ ತಲೆ ತಿರುಗಿಸದೆ ಚಹಾ ಕುಡಿಯುವುದನ್ನು ದುಗ್ಗಮ್ಮ ಬಾಗಿಲಿನಿಂದ ಗಮನಿಸಿದ್ದಳು. ಬೇಡದವನು ತಿರುಗಿಸದಿರುವುದಕ್ಕೂ ತಿರುಗಿಸಬಾರದೆಂದು ಹಟ ಹಿಡಿದವನು ತಿರುಗಿಸದಿರುವುದಕ್ಕೂ ವ್ಯತ್ಯಾಸವುಂಟು.

ಒಂದು ಮಧ್ಯಾಹ್ನ ಅವನು ಹಿಂಬಾಗಿಲಿಗೆ ಬಂದ.

“ಅಕ್ಕ, ಒಂದು ಮಾತು. ಆ ಗುಳಿಗೆ ಒಂದು ಐದಾರು ಕೊಡ್ತೀರಾ?”

ದುಗ್ಗಮ್ಮ ನಗಾಡಿದಳು. “ನಿಂಗೆ ಎಂತಕ್ಕೆ ಚನಿಯಪ್ಪ? ನಿನ್ನ ಮೈಯಲ್ಲಿ ಎಲುಬು ಬಿಟ್ಟು ಎಂತ ಉಂಟು?”

“ನಂಗಲ್ಲ. ಮಕ್ಕಳಿಗೆ.” ಅವನು ಹೆಗಲ ಮೇಲಿನ ಬೈರಾಸು ಬಟ್ಟೆಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. “ಆಟಿ ಕಳೆಯುವವರೆಗೆ ಮಾತ್ರ. ದೊಡ್ಡವಳು ಬಾಯಿ ಬಿಡುದಿಲ್ಲ. ಸಣ್ಣವಳು ಕೇಳ್ತಾ ಇರ್ತಾಳೆ. ಅವಳಿಗೆ ಹಸಿವು ಆಗದಿದ್ರೆ ಸಾಕು.”

ದುಗ್ಗಮ್ಮನ ನಗು ಹಾಗೆಯೇ ನಿಂತಿತು. “ಇದ್ರಲ್ಲಿ ಹೊಟ್ಟೆ ತುಂಬುದಿಲ್ಲ ಚನಿಯಪ್ಪ. ಹಸಿವು ಹೋಗ್ತದೆ, ಅಷ್ಟೆ.”

“ಅದು ಗೊತ್ತುಂಟು ಅಕ್ಕ. ತುಂಬಿಸುದು ನನ್ನ ಕೈಯಲ್ಲಿ ಇಲ್ಲ ಅಲ್ವಾ.”

ನಾಳೆ ನೋಡುವ ಎಂದು ಅವನನ್ನು ಕಳಿಸಿದಳು. ಕುಪ್ಪಿಯನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡಳು. ತನಗೆ ಪವಾಡದ ಹಾಗೆ ಕಂಡದ್ದನ್ನು ಅವನೂ ಪವಾಡವೆಂದೇ ಕೇಳಿದ್ದ. ಆದರೂ ಒಂದನ್ನೂ ತೆಗೆಯದೆ ಅದನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರುದಿನ ಅವಳು ಮುಚ್ಚಳದ ಪಾತ್ರೆಯಲ್ಲಿ ಗಂಜಿ, ಎಲೆಯಲ್ಲಿ ಚಟ್ನಿ ಕಟ್ಟಿಕೊಂಡು ಚನಿಯಪ್ಪನ ಮನೆಗೆ ನಡೆದಳು. ಒಂದು ಮೈಲಿ ಏರುದಾರಿ. ತಿಂಗಳ ಹಿಂದೆ ಹತ್ತಲಾರದ ದಾರಿಯನ್ನು ಎರಡು ಕಡೆ ಮಾತ್ರ ನಿಂತು ಹತ್ತಿದಳು. ದೊಡ್ಡ ಹುಡುಗಿ ಕೆಸುವಿನ ದಂಟು ಬೇಯಿಸುತ್ತಿದ್ದಳು. ಐದು ವರ್ಷದ ಸಣ್ಣವಳು, ಎಲ್ಲರೂ ಪೂವು ಎಂದು ಕರೆಯುವ ಪೂವಮ್ಮ, ಒಲೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಪಾತ್ರೆಯ ಮುಚ್ಚಳವನ್ನೇ ನೋಡುತ್ತಿದ್ದಳು.

ದುಗ್ಗಮ್ಮ ಇಬ್ಬರಿಗೂ ಬಡಿಸಿದಳು. ಪೂವು ಮೊದಲ ಎರಡು ತುತ್ತನ್ನು ಅಗಿಯಲೇ ಇಲ್ಲ. ಮೂರನೆಯದಕ್ಕೆ ಅವಳ ಮೂಗಿನ ತುದಿಯಲ್ಲಿ ಬೆವರು ಮೂಡಿತು. ಕಿವಿ ಕೆಂಪಾಯಿತು. ಬಟ್ಟಲನ್ನು ಹಿಡಿದ ಬೆರಳುಗಳು ಬಿಗಿದುಕೊಂಡವು. ಆ ಪುಟ್ಟ ಮೈಯಿಡೀ, ತಲೆಯಿಂದ ಕಾಲಿನ ಹೆಬ್ಬೆರಳಿನವರೆಗೆ, ಒಂದೇ ಕೆಲಸದಲ್ಲಿ ತೊಡಗಿತ್ತು. ಯಾರೂ ಕಲಿಸಿದ್ದಲ್ಲ, ಯಾರೂ ಹೇಳಿದ್ದಲ್ಲ. ದುಗ್ಗಮ್ಮನ ಮೈ ಜುಮ್ಮೆಂದಿತು. ಇಂಥ ಬಲವಾದದ್ದು ತನ್ನೊಳಗೂ ಇತ್ತಲ್ಲ, ಹದಿನೆಂಟು ವರ್ಷ ಅದನ್ನು ಒಂದು ಸಲವೂ ಪೂರ್ತಿ ಎದ್ದು ನಿಲ್ಲಲು ಬಿಡದೆ ಬಜೆಯ ಚೂರು ಹಾಕಿ ಹಾಕಿ ಮಲಗಿಸಿಬಿಟ್ಟಿದ್ದೆನಲ್ಲ ಎಂದುಕೊಂಡಳು. ಕೈ ಮುಗಿಯಬೇಕೆನಿಸಿತು, ಮಕ್ಕಳು ಹೆದರಿಯಾರೆಂದು ಸುಮ್ಮನಾದಳು.

ಚನಿಯಪ್ಪ ಬಾಗಿಲಲ್ಲಿ ನಿಂತಿದ್ದ. “ಗುಳಿಗೆ ತಂದಿದ್ದೀರಾ ಅಕ್ಕ?”

“ಇಲ್ಲ. ತರುದೂ ಇಲ್ಲ.”

“ಇವತ್ತಿನದ್ದಾಯ್ತು,” ಎಂದ ಅವನು. ಕೊಂಕಿನಿಂದ ಹೇಳಿದ್ದಲ್ಲ. ನಾಳೆ ಎಂಬುದು ಅವನಿಗೆ ಆಗಲೇ ಕಾಣುತ್ತಿತ್ತು.

“ನಾಳೆ ಮಧ್ಯಾಹ್ನ ಇಬ್ರನ್ನೂ ಹೋಟ್ಲಿಗೆ ಕಳಿಸು. ಆಟಿ ಮುಗಿಯುವವರೆಗೆ ಕಳಿಸು. ನೀನೂ ಬಾ, ಸೌದೆ ಒಳಗೆ ಹಾಕ್ಲಿಕ್ಕುಂಟು.”

ಸಂಜೆ ವೆಂಕಪ್ಪ ವಿಷಯ ಕೇಳಿ, ಎದ್ದು ಹೋಗಿ ಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿಯ ಮುಡಿ ನೋಡಿಕೊಂಡು ಬಂದ. “ನಮ್ಗೇ ಇನ್ನು ಹದಿನೈದು ದಿನಕ್ಕೆ ಉಂಟೋ ಇಲ್ಲವೋ. ಸೊಸೈಟಿಗೆ ಯಾವಾಗ ಬರ್ತದೋ ದೇವರಿಗೇ ಗೊತ್ತು.”

“ಒಂದು ತಿಂಗಳಿಂದ ನಾನು ತಿಂದದ್ದೆಂತ? ನನ್ನ ಪಾಲು ಉಳಿದಿದೆಯಲ್ಲ, ಅದನ್ನೇ ಹಾಕಿ.”

ಮರುದಿನ ಮಕ್ಕಳು ಬಂದಾಗ ಹಿಂದಿನ ಜಗಲಿಯಲ್ಲಿ ಮಣೆ ಹಾಕಿದವನು ವೆಂಕಪ್ಪನೇ. ದೊಡ್ಡವಳು ನಾಚಿಕೊಂಡದ್ದನ್ನು ಕಂಡು ಆ ಕಡೆಗೆ ಬೆನ್ನು ಹಾಕಿ ಕೂತ.

ಗುಳಿಗೆ ಶುರುವಾಗಿ ತಿಂಗಳ ಮೇಲೆ ನಾಲ್ಕು ದಿನ ಕಳೆದಾಗ ಗಂಡ ಹೆಂಡತಿ ಪುತ್ತೂರಿಗೆ ಹೋದರು. ಹತ್ತೊಂಬತ್ತು ಪೌಂಡು ಇಳಿದಿತ್ತು. ಡಾಕ್ಟರು ಸಂತೋಷಪಟ್ಟರು, ಆದರೆ ನಾಡಿ ಹಿಡಿದ ಮೇಲೆ ಅವರ ಮುಖ ಗಂಭೀರವಾಯಿತು. ಎದೆಬಡಿತ ತೀರಾ ಜಾಸ್ತಿ, ಸದ್ಯಕ್ಕೆ ಗುಳಿಗೆ ನಿಲ್ಲಿಸುವ ಎಂದರು.

“ಡಾಕ್ಟ್ರೆ, ಗುಳಿಗೆ ತಗೊಂಡಾಗ ಹಸಿವು ಎಲ್ಲಿಗೆ ಹೋಗುದು?” ದುಗ್ಗಮ್ಮ ಕೇಳಿದಳು.

“ಎಲ್ಲಿಗೂ ಹೋಗುದಿಲ್ಲಮ್ಮ. ಮೈ ಕೇಳುದು ಕೇಳ್ತಾನೇ ಇರ್ತದೆ. ನಿಮ್ಗೆ ಕೇಳಿಸುದಿಲ್ಲ, ಅಷ್ಟೆ. ಉಳಿದ ಗುಳಿಗೆ ಮಕ್ಕಳ ಕೈಗೆ ಸಿಗದ ಹಾಗೆ ಇಡಿ.”

ಅವಳು ಸೊಂಟದಿಂದ ಕುಪ್ಪಿ ತೆಗೆದು ಅವರ ಮೇಜಿನ ಮೇಲೆಯೇ ಇಟ್ಟು ಬಂದಳು.

ಗುಳಿಗೆ ಬಿಟ್ಟ ಮೊದಲ ಎರಡು ದಿನ ಮೈ ಭಾರವಾಗಿ, ಬರೀ ನಿದ್ದೆ. ಹಸಿವು ಬರಲಿಲ್ಲ. ಇನ್ನು ಬರುವುದೇ ಇಲ್ಲವೇನೋ ಎಂದು ಅವಳಿಗೆ ಹೆದರಿಕೆಯಾಯಿತು. ಮುಂದೆ ದೀಪಾವಳಿಯ ಹೊತ್ತಿಗೆ ಇಳಿದ ತೂಕದಲ್ಲಿ ಅರ್ಧ ಮರಳಿ ಬಂತು. ಎಡಗೈ ಒಮ್ಮೊಮ್ಮೆ ಬಾಣಲೆಯ ಕಡೆಗೆ ಹೋಗಿ, ನಡುದಾರಿಯಲ್ಲಿ ನೆನಪಾಗಿ ನಿಲ್ಲುತ್ತಿತ್ತು. ಕೆಲವು ಸಲ ನಿಲ್ಲುತ್ತಿರಲಿಲ್ಲ. ಮೊಣಕಾಲು ನೋವು ಪೂರ್ತಿ ಬಿಡಲಿಲ್ಲ. ಚನಿಯಪ್ಪನಿಗೆ ಕೊಯ್ಲಿನ ಕೆಲಸ ಸಿಕ್ಕಿ ಮಕ್ಕಳು ಹೋಟೆಲಿಗೆ ಬರುವುದನ್ನು ನಿಲ್ಲಿಸಿದರು. ಇವೆಲ್ಲ ಆಮೇಲಿನ ಮಾತು.

ಗುಳಿಗೆ ಬಿಟ್ಟ ಮೂರನೆಯ ದಿನ ಮಧ್ಯಾಹ್ನ, ಮಕ್ಕಳಿಗೆ ಗಂಜಿ ಬಡಿಸಿ ದುಗ್ಗಮ್ಮ ಒಲೆಯ ಹತ್ತಿರ ಹಿಟ್ಟು ಕಲಸುತ್ತಿದ್ದಳು. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ಕೈಯಲ್ಲಿ ಸಣ್ಣ ನಡುಕ. ಹಣೆಯಲ್ಲಿ ಬೆವರು. ಹೊಟ್ಟೆಯೊಳಗೆ ಎಲ್ಲೋ ಆಳದಲ್ಲಿ ಏನೋ ಮಗ್ಗುಲು ಬದಲಿಸಿದ ಹಾಗಾಯಿತು. ಜ್ವರ ಬರುತ್ತಿದೆಯೋ ಏನೋ ಎಂದುಕೊಂಡು ಅವಳು ಗೋಡೆಗೆ ಒರಗಿದಳು. ವೆಂಕಪ್ಪನಿಗೂ ಹಾಗೆಯೇ ಕಂಡಿತು. “ಕೂತ್ಕೋ, ನೀರು ಕುಡಿ,” ಎಂದ.

ಪೂವು ಬಟ್ಟಲಿನಿಂದ ತಲೆಯೆತ್ತಿ ದುಗ್ಗಮ್ಮನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

“ಅವ್ರಿಗೆ ಜ್ವರ ಅಲ್ಲ,” ಎಂದಳು ಆ ಐದು ವರ್ಷದ ಹುಡುಗಿ. “ಹಸಿವಾಗ್ತಾ ಉಂಟು.”

ದುಗ್ಗಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಹೌದು. ಅದೇ. ಅವಳ ಕಣ್ಣು ತುಂಬಿ ಬಂತು. ಅವಳು ಮೆಲ್ಲನೆ ನಡೆದು ಬಂದು, ಮಕ್ಕಳ ಸಾಲಿನಲ್ಲಿ, ಪೂವುವಿನ ಪಕ್ಕದ ಮಣೆಯಲ್ಲಿ ಕಾಲು ಚಾಚಿ ಕೂತಳು. ವೆಂಕಪ್ಪ ಅವಳ ಮುಂದೆ ಬಟ್ಟಲಿಟ್ಟು ಗಂಜಿ ಬಡಿಸಿದ. ಹಬೆ ಮುಖಕ್ಕೆ ಬಡಿಯಿತು. ಅವಳು ತಕ್ಷಣ ಕೈ ಹಾಕಲಿಲ್ಲ. ಇನ್ನೊಂದು ಗಳಿಗೆ ಆ ಹಸಿವಿನ ಜೊತೆಗೇ ಕೂತಿದ್ದು, ಆಮೇಲೆ ಮೊದಲ ತುತ್ತು ಬಾಯಿಗಿಟ್ಟಳು.