ಪಂಡಿತರ ಕೈಗುಣ

ಚಾಮರಾಜಪುರಂನ ಬಿಂದುಮಾಧವ ಪಂಡಿತರು ಅಂದು ಊಟಕ್ಕೆ ಕೂತವರು ಅನ್ನ ಕಲೆಸಿ ಹಾಗೆಯೇ ಎದ್ದುಬಿಟ್ಟರು. ಹೆಂಡತಿ ಚಂದ್ರಮತಿ ಏನಾಯಿತೆಂದು ಕೇಳಿದರೆ ಏನಿಲ್ಲವೆಂದು ಕೈತೊಳೆದು ಹಜಾರದಲ್ಲಿ ಶತಪಥ ಹಾಕತೊಡಗಿದರು. ಬೆಳಿಗ್ಗೆ ಬಂದುಹೋದ ಬೆಟ್ಟಮ್ಮನ ಕೆನ್ನೆ ಅವರ ಕಣ್ಣಿನಿಂದ ಸರಿದಿರಲಿಲ್ಲ.

ಬೆಟ್ಟಮ್ಮ ಮಂಡಕಳ್ಳಿಯ ಒಕ್ಕಲುಮನೆಯವಳು, ಐವತ್ತರ ಆಸುಪಾಸು. ಅವಳ ಮಗ ಚೆಲುವರಾಜುವಿಗೆ ಚಿಕ್ಕಂದಿನಲ್ಲಿ ಕಾಮಾಲೆಯಾಗಿ ಆಸೆಯೇ ಬಿಟ್ಟುಹೋಗಿದ್ದಾಗ ಪಂಡಿತರು ಉಳಿಸಿಕೊಟ್ಟಿದ್ದರು. ಆ ಮಗ ಈಗ ರೇಷ್ಮೆ ನೇಯುವ ಕೆಲಸಕ್ಕೆ ಸೇರಿ ವಿದ್ಯಾರಣ್ಯಪುರಂನಲ್ಲಿ ಸಂಸಾರ ಹೂಡಿದ್ದ. ಬೆಟ್ಟಮ್ಮನಿಗೆ ಮಾತ್ರ ತಲೆನೋವು ಬಂದರೂ ಪಂಡಿತರೇ ಆಗಬೇಕು.

ಐವತ್ತೇಳನೇ ಇಸವಿಯ ಯುಗಾದಿ ಕಳೆದ ಮೇಲೆ ಅವಳು ಎಡಗೆನ್ನೆಯ ಒಳಗೆ ಹುಣ್ಣೆಂದು ಬಂದಳು. ಇಪ್ಪತ್ತು ವರ್ಷ ಹೊಗೆಸೊಪ್ಪು ಒತ್ತಿಟ್ಟುಕೊಂಡ ಜಾಗ ಅದು. ಪಂಡಿತರು ಹೊಗೆಸೊಪ್ಪು ಬಿಡಿಸಿದರು, ಮುಕ್ಕಳಿಸಲು ಕಷಾಯವನ್ನೂ ಹಚ್ಚಲು ಲೇಪವನ್ನೂ ಕೊಟ್ಟರು. ವಾರವಾರವೂ ಬಂದು, ಕಡಿಮೆಯಾಗುತ್ತಿದೆ ಎನ್ನುತ್ತಿದ್ದಳು. ಹುಣ್ಣು ಗಂಟಾಯಿತು, ಮುದ್ದೆ ನುಂಗಲು ಬಾಯಿ ತೆರೆಯದಾಯಿತು, ಆಗಲೂ ಕಡಿಮೆ ಎಂದೇ ಹೇಳಿದಳು. ಮೂರು ತಿಂಗಳಾದ ಮೇಲೆ, ಅಂದು ಬೆಳಿಗ್ಗೆ, ಪಂಡಿತರಿಗೆ ಅರ್ಥವಾಯಿತು: ಅವಳು ಸುಳ್ಳು ಹೇಳುತ್ತಿದ್ದುದು ತಮ್ಮ ಮರ್ಯಾದೆ ಕಾಪಾಡಲಿಕ್ಕೆ.

ಔಷಧಿ ಕೊಡದೆ ದೊಡ್ಡಾಸ್ಪತ್ರೆಗೆ ಹೋಗಲು ಹೇಳಿದ್ದರು. ತನ್ನೂರಿನ ಒಬ್ಬಳು ಅಲ್ಲಿ ಕುಯ್ಯಿಸಿಕೊಂಡು ಹೆಣವಾಗಿ ಬಂದಳೆಂದು ಹೇಳಿ, ಬೆಟ್ಟಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮೆಟ್ಟಿಲಿಳಿದಿದ್ದಳು.

ಮುಂದಿನ ವಾರ ಅವಳು ಬರಲಿಲ್ಲ. ಪಂಡಿತರು ಯಾರ ನಾಡಿ ಹಿಡಿದರೂ ಮನಸ್ಸು ಅಲ್ಲಿರುತ್ತಿರಲಿಲ್ಲ, ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು. ಎಂಟನೆಯ ದಿನ ತಡೆಯಲಾರದೆ ಬಿಸಿಲಲ್ಲೇ ಅವಳ ಸುದ್ದಿ ಕೇಳಲು ವಿದ್ಯಾರಣ್ಯಪುರಂನ ಮಗನ ಮನೆಗೆ ನಡೆದರು. ಮಗ ಕೆಲಸಕ್ಕೆ ಹೋಗಿದ್ದ. ಬೆಟ್ಟಮ್ಮ ಅಲ್ಲೇ ಜಗಲಿಯ ಮೇಲೆ ಗೋಡೆಗೆ ಒರಗಿದ್ದಳು. ಸೆರಗು ಸರಿಸಿ ಕೆನ್ನೆ ತೋರಿಸಿದಳು. ಗಂಟನ್ನು ಬೇರುಸಮೇತ ಕೀಳುತ್ತೇನೆಂದು ಯಾರೋ ನಾಟಿ ಮದ್ದಿನವನು ಸುಡುವ ಮದ್ದು ಮೆತ್ತಿದ್ದನಂತೆ. ಕೆನ್ನೆಯ ಚರ್ಮ ಬೆಂದು ಕೀವಾಗಿತ್ತು.

"ನೀವೇ ಕೈಬುಟ್ಮೇಲೆ ಇನ್ನೆಲ್ಲಿಗೆ ಓಗ್ಲಿ ಬುದ್ಧಿ?" ಎಂದಳು.

"ಕೈಬಿಡಲಿಲ್ಲ ಕಣಮ್ಮ. ಇದು ನನ್ನ ಔಷಧಿಗೆ ಬಗ್ಗಲ್ಲ ಅಂತ ತಿಂಗಳ ಹಿಂದೆಯೇ ಅನುಮಾನ ಬಂದಿತ್ತು. ಹೇಳೋಕೆ ನನಗೆ ಬಾಯಿ ಬರಲಿಲ್ಲ. ತಪ್ಪು ನನ್ನದು."

ಬೆಟ್ಟಮ್ಮ ಸೆರಗನ್ನು ಮತ್ತೆ ಕೆನ್ನೆಗೆ ಎಳೆದುಕೊಂಡಳು. ಆಮೇಲೆ, "ನೀವೂ ಜೊತೇಲಿ ಬತ್ತೀರಾ?" ಎಂದು ಕೇಳಿದಳು.

"ಬರ್ತೀನಿ."

ಮರುದಿನ ದೊಡ್ಡಾಸ್ಪತ್ರೆಯ ಬೆಂಚಿನ ಮೇಲೆ ಜರಿಪೇಟದ ಪಂಡಿತರು ಬೆಟ್ಟಮ್ಮ ಮತ್ತು ಚೆಲುವರಾಜುವಿನ ಜೊತೆ ಮಧ್ಯಾಹ್ನದವರೆಗೆ ಕೂತರು. ಇಷ್ಟು ದಿನ ಏನು ಮಾಡುತ್ತಿದ್ದಿರೆಂದು ಸರ್ಜನ್ ಮಗನನ್ನು ಗದರಿದಾಗ ಪಂಡಿತರು ಎದ್ದುನಿಂತು, ಮೂರು ತಿಂಗಳು ಔಷಧಿ ಕೊಟ್ಟವನು ತಾನೇ ಎಂದರು. ಸರ್ಜನ್ ಅವರನ್ನು ದಿಟ್ಟಿಸಿ ನೋಡಿದರು. ಕ್ಯಾನ್ಸರ್ ದವಡೆಯ ಮೂಳೆಗೆ ಇಳಿದಿದೆ, ಮೊದಲೇ ಬಂದಿದ್ದರೆ ಸಣ್ಣದರಲ್ಲಿ ಮುಗಿಯುತ್ತಿತ್ತು ಎಂದಷ್ಟೇ ಹೇಳಿದರು. ಆ ಮಾತು ಪಂಡಿತರನ್ನು ಮನೆಯವರೆಗೂ ಅಟ್ಟಿಕೊಂಡು ಬಂತು.

ಆಪರೇಷನ್ನಿನ ದಿನ ಬೆಟ್ಟಮ್ಮ ಹಟ ಹಿಡಿದಳು: ಪಂಡಿತರು ಒಂದು ಸಲ ಮುಟ್ಟಿದ ಮೇಲೆಯೇ ಕುಯ್ಯಬೇಕು. ಸರ್ಜನ್ ಒಪ್ಪಿದರು. ಪಂಡಿತರು ಅವಳ ಮಣಿಕಟ್ಟು ಹಿಡಿದು ನಾಡಿ ನೋಡಿದರು. ಅವಳದಕ್ಕಿಂತ ಅವರ ಎದೆಯೇ ಜೋರಾಗಿ ಬಡಿದುಕೊಳ್ಳುತ್ತಿತ್ತು.

ಎಡದವಡೆಯ ಅರ್ಧ ಹೋಯಿತು. ಗಾಯ ಮಾಗಿದ ಮೇಲೆ ಚೆಲುವರಾಜು ಅವ್ವನನ್ನು ವೆಲ್ಲೂರಿಗೆ ಕರೆದೊಯ್ದು ಊರಿನವರು ಕರೆಂಟು ಎನ್ನುವ ಕಿರಣಚಿಕಿತ್ಸೆ ಕೊಡಿಸಿಕೊಂಡು ಬಂದ. ದೀಪಾವಳಿಯ ಹೊತ್ತಿಗೆ ಬೆಟ್ಟಮ್ಮ ಮಂಡಕಳ್ಳಿಯಲ್ಲಿದ್ದಳು. ಮುಖ ಒಂದು ಕಡೆಗೆ ಸೊಟ್ಟಗಾಗಿತ್ತು, ಮಾತು ತೊದಲುತ್ತಿತ್ತು, ಮುದ್ದೆಯನ್ನು ಸಾರಿನಲ್ಲಿ ಕದಡಿ ಕುಡಿಯಬೇಕಿತ್ತು. ಜೀವ ಮಾತ್ರ ಉಳಿದಿತ್ತು.

ಪಂಡಿತರಿಗೆ ನಿಜವಾದ ಕಾಟ ಶುರುವಾದದ್ದು ಆಮೇಲೆ. ತನ್ನನ್ನು ಉಳಿಸಿದ್ದು ಪಂಡಿತರ ಲೇಪವೇ, ಡಾಕ್ಟರು ಉಳಿದದ್ದನ್ನು ಕುಯ್ದುಹಾಕಿದರಷ್ಟೇ ಎಂದು ಬೆಟ್ಟಮ್ಮ ಸುತ್ತಲ ಹತ್ತೂರಿಗೆ ಸಾರಿದಳು. ಕತ್ತಿನಲ್ಲಿ, ಎದೆಯಲ್ಲಿ, ನಾಲಿಗೆಯ ಮೇಲೆ ಗಂಟಾದವರು ಚಾಮರಾಜಪುರಂನ ಮನೆ ಹುಡುಕಿಕೊಂಡು ಬರತೊಡಗಿದರು. ಹಾಗೆ ಹೇಳಬೇಡವೆಂದು ಪಂಡಿತರು ಅವಳನ್ನು ಬೇಡಿಕೊಂಡರು. ದೊಡ್ಡವರು ಹಂಗೇ, ತಮ್ಮ ದೊಡ್ಡಸ್ತಿಕೆ ತಾವೇ ಒಪ್ಪಲ್ಲ ಎಂದು ಅವಳು ನಕ್ಕುಬಿಟ್ಟಳು.

ತಮ್ಮ ಔಷಧಿಗೆ ಗುಣವಾಗದ್ದನ್ನು ಗುಣವಾಗದೆಂದೇ ಅವರು ಎಲ್ಲರಿಗೂ ಹೇಳಿದರು. ಕೆಲವರು ಆಸ್ಪತ್ರೆಗೆ ಹೋದರು. ಕೆಲವರು ಮುನಿಸಿಕೊಂಡು ಬೇರೆ ಮದ್ದಿನವರ ಬಾಗಿಲಿಗೆ ಹೋದರು. ಹಾಗೆ ಹೋದವರ ಸುದ್ದಿ ತಿಳಿಯುವವರೆಗೆ ಪಂಡಿತರಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಂಜನಗೂಡು ಕಡೆಯ ಗುರುಮಲ್ಲಪ್ಪ ಎಂಬಾತ ಬಂದು ಕತ್ತಿನ ಗಂಟು ತೋರಿಸಿದ. ಪಂಡಿತರು ಹೇಳಿದ್ದನ್ನೆಲ್ಲ ಕೇಳಿ, "ಮೊದ್ಲು ನೀವು ಲೇಪ ಹಚ್ಬುಡಿ, ಆಮ್ಯಾಕೆ ಆಸ್ಪತ್ರೆ ನೋಡಾನ" ಎಂದ.

ಪಂಡಿತರು ಔಷಧಿ ಪೆಟ್ಟಿಗೆಯ ಬೀಗ ತೆಗೆಯಲಿಲ್ಲ. ಕೋಟು ತೊಟ್ಟು, ಪೇಟ ಇಟ್ಟುಕೊಂಡು, "ಏಳಪ್ಪ, ಇಬ್ಬರೂ ಹೋಗೋಣ" ಎಂದರು.