ಕೇರಿಯ ಪಾಳಿ

"ಏನ ಬೊಗಳೀದಿಲೇ ರಂಡೇ, ಈ ಸಾಹೇಬರ ಮುಂದ? ಇನ್ನೊಮ್ಮಿ ಬೊಗಳು, ನಾನೂ ಕೇಳ್ತೇನಿ!"

ಫೌಜದಾರ ಶಂಕರೆಪ್ಪ ನೋಟುಪುಸ್ತಕವನ್ನು ತಿಪ್ಪವ್ವನ ಮುಖಕ್ಕೆ ಬೀಸಿ ಒಗೆದ. ಅದು ಅವಳ ಮೂಗಿಗೆ ಬಡಿದು ಠಾಣೆಯ ಪರಸಿಕಲ್ಲಿನ ಮೇಲೆ ಬಿತ್ತು. ಖಣಿಯಲ್ಲಿ ಕಲ್ಲು ಒಡೆದು ಒಡೆದು ಬಿರಿದ ಕೈಯಿಂದ ಮೂಗು ಒತ್ತಿ ಹಿಡಿದು ಅವಳು ನೋಡಿದ್ದು ಫೌಜದಾರನನ್ನಲ್ಲ, ಪಕ್ಕದ ಕುರ್ಚಿಯಲ್ಲಿದ್ದ ಶ್ರೀಶೈಲಪ್ಪನನ್ನು. ಪುಸ್ತಕ ಅವನದು. ತೊಡೆಯ ಮೇಲೆ ಠಾಣೆಯ ಹಾಜರಿ ವಹಿ ತೆರೆದುಕೊಂಡು, ಒಂದೊಂದೇ ಹೆಸರಿನ ಮೇಲೆ ಬೆರಳಾಡಿಸುತ್ತ ಕುಳಿತಿದ್ದ. ಬಗ್ಗಿ ಪುಸ್ತಕ ಎತ್ತಿಕೊಂಡ, ಧೂಳು ಒರೆಸಿದ. ಮುಖ ಮಾತ್ರ ಎತ್ತಲಿಲ್ಲ.

ಎಂಟು ದಿನದ ಹಿಂದೆ ಇದೇ ಮನುಷ್ಯ ಅವಳ ಗುಡಿಸಲಿಗೆ ಬಂದಿದ್ದ. ಧಾರವಾಡದ ಅರ್ಥಶಾಸ್ತ್ರದ ಮಾಸ್ತರ. ಕಳುವು ಕಡಿಮೆಯಾಗಲು ಪೊಲೀಸರು ಹೆಚ್ಚಬೇಕೋ, ಶಿಕ್ಷೆ ಹೆಚ್ಚಬೇಕೋ, ಕೂಲಿ ಹೆಚ್ಚಬೇಕೋ ಎಂದು ಅಭ್ಯಾಸ ಮಾಡುತ್ತ ಇಂಡಿ, ಸಿಂದಗಿ ಸುತ್ತಿ ಬಂದಿದ್ದ. ಕಂಬಳಿ ಹಾಸಿದರೆ ಬೇಡವೆಂದು ನೆಲದ ಮೇಲೇ ಕೂತು, ಅವಳು ಕೊಟ್ಟ ಬೆಲ್ಲದ ಚಹಾ ಕುಡಿದಿದ್ದ. ಈ ಕೇರಿಯಲ್ಲಿ ಕೂತು ಚಹಾ ಕುಡಿದ ಇಸ್ತ್ರಿ ಅಂಗಿಯವನು ಅವನೊಬ್ಬನೇ. ಅದಕ್ಕೇ ತಿಪ್ಪವ್ವ ಬಾಯಿ ಬಿಟ್ಟಿದ್ದಳು.

"ಕಳುವು ಯಾರರೆ ಮಾಡ್ಲಿ ಸಾಹೇಬ್ರ, ಕಳ್ಳ ಸಿಗಲಿಲ್ಲಂದ್ರ ಫೌಜದಾರ ನಮ್ಮ ಕೇರಿಗೆ ಹೇಳಿ ಕಳಸ್ತಾನ, ಒಬ್ಬನ್ನ ಕೊಡ್ರಿ ಅಂತ. ಕೊಡದಿದ್ರ ಹತ್ತ ಮಂದೀನ ಒಯ್ದು ಬಡೀತಾನ. ಅದಕ್ಕ ನಾವ ಪಾಳಿ ಹಚ್ಚೇವಿ. ಈ ಸಲ ಈ ಮನಿ, ಮುಂದಿನ ಸಲ ಆ ಮನಿ. ಹೋದಾಂವ ಕೋರ್ಟಿನ್ಯಾಗ 'ಕಬೂಲ' ಅಂತಾನ, ಆರ ತಿಂಗಳ ಕೂತ ಬರ್ತಾನ. ನನ್ನ ಗಂಡ ಸಿದ್ದರಾಯ ಬರಲಿಲ್ಲ. ಜೇಲಿನ್ಯಾಗ ಸತ್ತ. ಕೊಲ್ಹಾರದಾಗ ಯಾರದೋ ಎತ್ತ ಹೋಗಿದ್ದುವು. ಅಂವಾ ಕೊಲ್ಹಾರ ಕಂಡಾಂವನ ಅಲ್ಲ."

ಶ್ರೀಶೈಲಪ್ಪನ ಕಣ್ಣು ಒದ್ದೆಯಾಗಿತ್ತು. "ಇದು ಬೆಂಗಳೂರ ಮಟಾ ಹೋಗಬೇಕು ತಿಪ್ಪವ್ವಾ. ನಿಮ್ಮ ಹೆಸರ ಯಾರ ಮುಂದೂ ತಗಿಯಂಗಿಲ್ಲ. ನಮ್ಮವ್ವನ ಆಣಿ" ಎಂದಿದ್ದ.

ಈಗ ಅವಳು ಕೇಳಿದಳು: "ನಾ ಹೇಳಿದ್ದ ಬರಕೊಂಡ ಪುಸ್ತಕ ಅವನ ಕೈಯಾಗ ಯಾಕ ಕೊಟ್ರಿ?"

"ಠಾಣೇದ ದಫ್ತರ ನೋಡಾಕ ಇವರ ಅಪ್ಪಣಿ ಬೇಕಿತ್ತವ್ವಾ, ಮೊದಲ ಪುಸ್ತಕ ತೋರಸ್ರಿ ಅಂದ್ರು. ನೀವು ಹೇಳಿದ್ದು ಖರೇನೋ ಸುಳ್ಳೋ ನೋಡಬೇಕಲ್ಲ..."

"ನಮ್ಮನ್ನ ಬಡಿಯಾಂವನ್ನ ಕೇಳಿ ನೋಡಿದ್ರೇನು?"

ಶಂಕರೆಪ್ಪ ನಕ್ಕ. "ಪಾಳಿ ಅಂತ ಪಾಳಿ! ಇನ್ನ ಮ್ಯಾಲ ಪಾಳಿ ನಾ ಹಚ್ತೇನಿ. ಮನಗೂಳ್ಯಾಗ ಒಂದ ಅಂಗಡಿ ಒಡದಾರ. ನಿನ್ನ ತಮ್ಮ ಅಮಸಿದ್ದ ಒಳಗ ಅದಾನ, ನೋಡಿ ಹೋಗು."

ಅಮಸಿದ್ದ ಮೊನ್ನೆ ಮೊನ್ನೆ ಒಂದು ಪಾಳಿ ಮುಗಿಸಿ ಬಂದವನು. ಕತ್ತಲ ಕೋಣೆಯ ಸರಳಿಗೆ ಹಣೆ ಹಚ್ಚಿ ನಿಂತಿದ್ದ. ತುಟಿ ಹರಿದಿತ್ತು. "ಹೇಳಬ್ಯಾಡ ಅಂದಿದ್ನಿಲ್ಲಕ್ಕಾ" ಎಂದ.

ಮೂರನೆಯ ದಿನ ಕೋರ್ಟು. ಗುಮಾಸ್ತ ಆರೋಪ ಓದಿದ. ಹೋದ ಸೋಮವಾರ, ನಡುಹಗಲು, ಮನಗೂಳಿ.

ಬಾಗಿಲಲ್ಲಿ ನಿಂತಿದ್ದ ತಿಪ್ಪವ್ವ ಸೋಮವಾರ ಎಂದದ್ದಕ್ಕೆ ತಲೆ ಎತ್ತಿದಳು. ಈ ಕೇರಿಯವರು ಹುಟ್ಟಾ ಕಳ್ಳರೆಂದು ಬ್ರಿಟಿಷರು ಹೇರಿದ್ದ ಹಾಜರಿಯ ಕಾಯಿದೆಯನ್ನು ಸರ್ಕಾರ ತೆಗೆದು ಇಪ್ಪತ್ತು ವರ್ಷದ ಮೇಲಾಗಿದ್ದರೂ ಕೇರಿಯ ಗಂಡಸರು ಸೋಮವಾರ ಸೋಮವಾರ ಠಾಣೆಯಲ್ಲಿ ಹೆಬ್ಬೆಟ್ಟು ಒತ್ತಬೇಕಿತ್ತು.

"ಸೋಮವಾರ ಅಂವಾ ಠಾಣೇದಾಗ ಇದ್ದನ್ರೀ!" ಅವಳು ಒಳಗೆ ನುಗ್ಗಿದಳು. "ಮುಂಜಾನಿಂದ ಸಂಜೀತನಾ ಫೌಜದಾರನ ಕುದರಿ ಲಾಯ ಬಳದಾನ. ವಹಿದಾಗ ಹೆಬ್ಬಟ್ಟ ಐತಿ. ಅಲ್ಲಿ ಕುಂತಾರಲ್ಲ, ಆ ಸಾಹೇಬ್ರು ಬೆರಳಿಟ್ಟ ವಹಿ ನೋಡ್ಯಾರ. ಕೇಳ್ರಿ ಧಣೀ!"

ಹಿಂದಿನ ಬಾಕಿನಲ್ಲಿ ಬರೆದುಕೊಳ್ಳುತ್ತಿದ್ದ ಶ್ರೀಶೈಲಪ್ಪನ ಪೆನ್ನು ನಿಂತಿತು.

"ನೀವು ಆ ವಹಿ ನೋಡೀರೇನು?" ನ್ಯಾಯಾಧೀಶರು ಕೇಳಿದರು.

ಅವನು ಎದ್ದ. ಗೋಡೆಗೆ ಒರಗಿ ನಿಂತ ಫೌಜದಾರನನ್ನೊಮ್ಮೆ ನೋಡಿದ. "ಅಂಕಿ ಅಷ್ಟ ತೊಗೊಂಡೇನ್ರಿ ಸರ್. ಹೆಸರು ನೋಡಿಲ್ರಿ." ಕೂತ.

ತಿಪ್ಪವ್ವ ಅವನನ್ನೇ ನೋಡುತ್ತ ನಿಂತಳು.

"ಅಮಸಿದ್ದಾ, ತಪ್ಪು ಕಬೂಲೇನು?"

ಹಿಂದೆ ನಿಂತ ಪೊಲೀಸ ಬೆನ್ನಿಗೆ ತಿವಿದ. ಕೇರಿಯ ಒಬ್ಬನೇ ಒಬ್ಬನೂ ಇಷ್ಟು ವರ್ಷದಲ್ಲಿ 'ಕಬೂಲ' ಬಿಟ್ಟು ಬೇರೆ ಮಾತು ಆಡಿದ್ದಿಲ್ಲ. ಅಮಸಿದ್ದ ಅಕ್ಕನ ಕಡೆ ತಿರುಗಿದ.

"ಅನಬ್ಯಾಡೋ ತಮ್ಮಾ! ನನ್ನ ಒಯ್ದರ ಒಯ್ಯಲಿ!"

"ಕಬೂಲ... ಇಲ್ರಿ."

ಗುಮಾಸ್ತ ಆಗಲೇ ಕಬೂಲ ಎಂದು ಬರೆದು ಮುಗಿಸಿದ್ದ. ಈಗ ಕಾಟು ಹೊಡೆಯಬೇಕೋ ಬೇಡವೋ ತಿಳಿಯದೆ ಮೇಲೆ ನೋಡಿದ.

ಕೇಸು ಮುಂದಕ್ಕೆ ಹೋಯಿತು. ಅಮಸಿದ್ದನನ್ನು ಬೇಡಿ ಹಾಕಿ ವ್ಯಾನಿಗೆ ದೂಡಿದರು. ಅಂಗಳದಲ್ಲಿ ಶಂಕರೆಪ್ಪ ತಿಪ್ಪವ್ವನ ತುರುಬಿಗೆ ಕೈ ಹಾಕಿದ. "ನಡಿ ಠಾಣೇಕ, ನಿಂದೂ ಐತಿ."

"ಕೈ ತಗಿಯೋ ಭಾಡ್ಕಾವ್. ನನಗ ಕಾಲ ಅದಾವ."

ಕೊಡವಿಕೊಂಡು ತಾನೇ ಹತ್ತಿ ತಮ್ಮನ ಮಗ್ಗುಲಲ್ಲಿ ಕೂತಳು. ವ್ಯಾನು ಗುರ್ ಎಂದಿತು, ಮುಂದೆ ಹೋಗಲಿಲ್ಲ. ಡ್ರೈವರ ಹಾರನ್ ಒತ್ತಿದ, ಮತ್ತೆ ಒತ್ತಿದ. ಇಬ್ಬರು ಮಕ್ಕಳನ್ನು ಪಾಳಿಗೆ ಕೊಟ್ಟಿದ್ದ ಮುದುಕಿ ಲಕ್ಕವ್ವ ಚಕ್ರದ ಮುಂದೆ ಮಣ್ಣಿನಲ್ಲಿ ಕಾಲು ಚಾಚಿ ಕೂತಿದ್ದಳು. ಬೇವಿನ ಗಿಡದ ಬುಡದಿಂದ ಕೇರಿಯ ಇನ್ನೊಬ್ಬ ಹೆಂಗಸು ಎದ್ದು ಬರುತ್ತಿದ್ದಳು.