ಹಲ್ಲುಗಾಲಿಯ ನೀರು

"ಆಚಿ ಸರಿ, ರಂಡೆ. ನಿನ್ನ ನೆರಳು ಬಾವಿ ಮ್ಯಾಲ ಬೀಳ್ಲಕತ್ತದ."

ಗದರಿದವನು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಕಾರಖಾನೆಯ ಮುನೀಮ ದೌಲಪ್ಪ. ಮಾನಮ್ಮ ಒನಕೆ ನಿಲ್ಲಿಸಿದಳು. ಅವಳ ಒರಳಿನಲ್ಲಿ ಸತ್ತ ಎತ್ತಿನ, ಸುಟ್ಟು ಕಪ್ಪಾದ ಗೊರಸು ಮತ್ತು ಎಲುಬು ಇದ್ದವು.

"ನೆರಳು ಸೂರ್ಯಂದರಿ. ಅವನಿಗೇ ಬೈರಿ."

ಅವಳ ಜೊತೆ ಎಲುಬು ಕುಟ್ಟುತ್ತಿದ್ದ ನಮ್ಮಲ್ಲಿ ಯಾರೂ ನಗಲಿಲ್ಲ. ನಕ್ಕವರ ಬೆನ್ನನ್ನು ಚಾಬೂಕು ಗುರುತಿಸುತ್ತಿತ್ತು.

ದೂರದಲ್ಲಿ ಯುದ್ಧ ನಡೆದಿದ್ದ ವರ್ಷ ಅದು. ವಿಲಾಯತಿಯಿಂದ ಯಂತ್ರದ ಭಾಗಗಳು ಬರುತ್ತಿರಲಿಲ್ಲ. ಜಿನ್ನಿನ ಹಲ್ಲುಗಾಲಿ ಸವೆದು ನಿಂತಿತ್ತು. ಕಪನೂರಿನ ಕಾರಖಾನೆಯ ಅಂಗಳದಲ್ಲಿ ಅದರ ಧಣಿಯ ಹತ್ತಿ ಗುಡ್ಡವಾಗಿ ಬಿದ್ದಿತ್ತು. ಕಲಬುರಗಿ ಕೋಟೆಯ ಬಳಿಯ ಕಮ್ಮಾರ ನಬಿಸಾಬ್ ಹೊಸ ಗಾಲಿ ಕಡೆದಿದ್ದ. ಉಕ್ಕು ಮೆತ್ತಗಿನದು. ಅದನ್ನು ಎಲುಬಿನ ಇದ್ದಿಲಿನಲ್ಲಿ ಹೂತು, ಕಬ್ಬಿಣದ ಪೆಟ್ಟಿಗೆಯ ಸಂದುಗಳಿಗೆ ಮಣ್ಣು ಮೆತ್ತಿ ಅಂಗಳದಲ್ಲೇ ಹೂಡಿದ ಕುಲುಮೆಯಲ್ಲಿಟ್ಟಿದ್ದ. ಇದ್ದಿಲಿನ ಸತ್ವ ಉಕ್ಕಿನ ಮೇಲ್ಪದರಕ್ಕೆ ಇಳಿಯುತ್ತದೆ. ಕೆಂಪಗಿರುವಾಗಲೇ ತಣ್ಣೀರಿಗೆ ಬಿದ್ದರೆ ಆ ಪದರ ಕಲ್ಲಿನಂತಾಗುತ್ತದೆ. ಕೆಂಪು ಆರಿದರೆ ಉಕ್ಕು ಮತ್ತೆ ಮೆತ್ತಗೇ.

ಸತ್ತ ದನ ಎಳೆಯುವುದು ನಮ್ಮ ಬಿಟ್ಟಿ ಚಾಕರಿ. ಆದ್ದರಿಂದ ಈ ಗಾಲಿಗೂ ಮುಂದಿನವಕ್ಕೂ ಎಲುಬು ಒದಗಿಸಿ ಕುಟ್ಟಿಡುವುದೂ ನಮ್ಮದೇ. ಆ ಮಧ್ಯಾಹ್ನ ಮಾನಮ್ಮನ ತಾಯಿ ಗುಂಡಮ್ಮ ಕಮಲಾಪುರದಿಂದ ಗೊರಸಿನ ಚೀಲ ಹೊತ್ತು ನಡೆದು ಬಂದಳು. ಚೀಲ ಇಳಿಸಿದವಳು ಬೇವಿನ ಬುಡದಲ್ಲಿ ಕುಸಿದಳು. ನಾಲಗೆ ಒಣಗಿ ಮಾತು ಹೊರಡಲಿಲ್ಲ.

"ಒಂದ್ ಗುಟುಕು ನೀರ್ ಹಾಕಸ್ರಿ, ಮುನೀಮರ. ನಮ್ಮವ್ವ ಸಾಯ್ಲಕತ್ಯಾಳ."

"ಮರೆಪ್ಪ ಉಂಡು ಬರಲಿ, ಹೊಯ್ತಾನ. ಕಮಲಾಪುರದಿಂದ ನಡದಾಕಿಗಿ ಇಷ್ಟು ತಡಿಯಾಕ ಆಗಲ್ಲೇನು?"

ನೀರಾಳು ಮರೆಪ್ಪ ಉಂಡು, ಎಲಿ ಹಾಕಿ ಬಂದ. ಅಷ್ಟರಲ್ಲಿ ನಬಿಸಾಬ್ ಪೆಟ್ಟಿಗೆಯನ್ನು ಕುಲುಮೆಯಿಂದ ಎಳೆದು ಹೌದದ, ಎಂದರೆ ನೀರಿನ ತೊಟ್ಟಿಯ, ಪಕ್ಕ ಇಟ್ಟಿದ್ದ.

"ಹೌದದಾಗ ನೀರು ಹಾಕ್ರಿ ಜಲ್ದಿ. ನಿಂತ ನೀರು ಬಿಸಿಲಿಗಿ ಕಾಯ್ತದಂತ ಖಾಲಿ ಇಟ್ಟೀನಿ."

ಮರೆಪ್ಪ ಮೂಗು ಮುಚ್ಚಿದ. "ಎಲುಬಿನ ಪೆಟ್ಟಿಗಿ ಬಲ್ಲಿ ನಾ ಬರಾಂಗಿಲ್ಲರಿ. ಮನ್ಯಾಗ ದೇವರವ."

ಕುಲುಮೆಯ ಬಳಿ ನಿಂತಿದ್ದ ಧಣಿ ಮರೆಪ್ಪನ ಕೈಯ ಹಗ್ಗ ಕಸಿದು ಮಾನಮ್ಮನ ಕಾಲಬಳಿ ಎಸೆದ. "ಸೇದು."

"ಧಣ್ಯಾರ, ಬಾವಿ ಮೈಲಿಗಿ ಆಗ್ತದ," ಎಂದ ಮುನೀಮ.

"ನಾಳಿ ಐನಾರಿಗಿ ಕರಸಿ ಶುದ್ಧ ಮಾಡಸ್ತೀನಿ. ಇವತ್ತ ಅಂಗಳದಾಗಿನ ಹತ್ತಿ ನೋಡಲೇ, ಬಾಡ್ಯಾ."

ಮಾನಮ್ಮ ಬಾವಿಯ ಕಟ್ಟೆ ಹತ್ತಿದಳು. ನಮ್ಮವರ ಕಾಲು ಆ ಕಲ್ಲಿನ ಮೇಲೆ ಬಿದ್ದದ್ದು ಅದೇ ಮೊದಲು. ಅವಳು ಕೊಡ ಮೇಲೆಳೆದು ಹಗ್ಗ ಬಿಚ್ಚಿದಳು. ನಬಿಸಾಬ್ ಮುಚ್ಚಳ ಒಡೆದು ಇಕ್ಕಳದಿಂದ ಗಾಲಿಯನ್ನು ಎತ್ತಿ ಹಿಡಿದ. ಅದು ಕೆಂಡದಂತಿತ್ತು.

ಮಾನಮ್ಮ ಹೌದವನ್ನು ದಾಟಿ ಬೇವಿನ ಕಡೆ ನಡೆದಳು.

"ಎಲ್ಲಿಗಿ ಹೊಂಟಿ, ಸೂಳಿಮಗಳ? ಇತ್ಲಾಗ ಹಾಕು."

ಧಣಿಯ ಚಾಬೂಕು ಅವಳ ಬೆನ್ನಿಗೆ ಬಿತ್ತು. ರವಿಕೆ ಹರಿಯಿತು, ಕೊಡದ ನೀರು ಚೆಲ್ಲಲಿಲ್ಲ. ಅವಳು ತಾಯಿಯ ತಲೆ ಎತ್ತಿ ಬೊಗಸೆಯಲ್ಲಿ ನೀರು ಕುಡಿಸಿದಳು. ಮೊದಲ ಬೊಗಸೆ ಕಟವಾಯಿಯಿಂದ ಹರಿದುಹೋಯಿತು. ಎರಡನೆಯದಕ್ಕೆ ಗಂಟಲು ಅಲುಗಿತು.

ಧಣಿ ನಮ್ಮತ್ತ ತಿರುಗಿದ. "ನೀವ್ ಸೇದ್ರಲೇ."

ನಾವು ಕಟ್ಟೆ ಹತ್ತಿ ಇನ್ನೊಂದು ಕೊಡ ಸೇದಿದೆವು. ಹೌದಕ್ಕೆ ಹೋಗದೆ ಕೊಡ ನಮ್ಮ ಬಾಯಿಂದ ಬಾಯಿಗೆ ಹೋಯಿತು. ಗಾಲಿಯ ಹಲ್ಲುಗಳ ತುದಿ ಮೊದಲು ಕಂದಿತು, ಆಮೇಲೆ ನಡು.

"ರಂಗು ಹೋಯ್ತು, ಧಣಿ," ಎಂದ ನಬಿಸಾಬ್.

"ಮತ್ತ ಕಾಸು."

"ಕಾಸ್ತೀನಿ. ನೀರು ಸೇದೋರು ಯಾರು?"

ಧಣಿ ಮರೆಪ್ಪನನ್ನು ನೋಡಿದ. ಮರೆಪ್ಪ ಮೂಗು ಮುಚ್ಚಿಕೊಂಡೇ ನಿಂತಿದ್ದ. ಮಾನಮ್ಮ ಖಾಲಿ ಕೊಡದೊಂದಿಗೆ ಮರಳಿ ಕಟ್ಟೆಗೆ ಬಂದಳು. ಹಗ್ಗವನ್ನು ಯಾರ ಕೈಗೂ ಸಿಗದಂತೆ ಮೊಣಕೈಗೆ ಸುತ್ತಿಕೊಂಡು ಅಲ್ಲಿಯೇ ಕುಳಿತಳು. ಅವಳ ಬೆನ್ನಿನ ರಕ್ತ ಬಾವಿಯ ಕಲ್ಲಿಗೆ ಇಳಿಯುತ್ತಿತ್ತು.